ಉದ್ದ ವಿಳಾಸದ ಕೋಟು

ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಇದ್ದದ್ದು ಒಂದೇ ಕಾನೂನು: ಗಿರಾಕಿಗೊಂದು ಗಂಟು. ಅವರ ಬಟ್ಟೆ, ಲೈನಿಂಗು, ಗುಂಡಿ, ಅಳತೆ ಚೀಟಿ, ಕೊನೆಗೆ ಅವರು ಮರೆತುಹೋದ ಕೊಡೆ ಕೂಡ ಅದೇ ಗಂಟಿನೊಳಗೆ. ದೊಡ್ಡ ಗಂಟಿನೊಳಗೆ ಸಣ್ಣ ಗಂಟು, ಅದರೊಳಗೆ ಇನ್ನೂ ಸಣ್ಣದು. ಒಂದೊಂದರ ಮೇಲೂ ಯಾರದು, ಎಂಥದು, ಏನು ಜೋಪಾನ ಎಂದು ಉದ್ದಕ್ಕೆ ಬರೆದ ಪಟ್ಟಿ. ಅಂಗಡಿ ತೆರೆದಾಗಿನಿಂದ ಒಬ್ಬರ ತೋಳು ಇನ್ನೊಬ್ಬರ ಕೋಟಿಗೆ ಹೋದದ್ದಿಲ್ಲ ಎಂಬುದು ಅವರ ಜಂಬ. ನ್ಯಾಯವಾದ ಜಂಬವೇ ಅನ್ನಿ.

ಅಂಗಡಿಗೆ ಕಂಪ್ಯೂಟರ್ ಬಂದಾಗ ದೊಡ್ಡಮ್ಮ ಅದರೊಳಗೂ ಗಂಟು ಕಟ್ಟಿದರು. ‘ಸಂಗೀತ ತಂಡದವರ ಕೋಟುಗಳು ಹೋದ ಸಲದ್ದಲ್ಲ ಹೊಸದು’ ಎಂದೊಂದು ಫೋಲ್ಡರು. ಅದರೊಳಗೆ ‘ದಪ್ಪ ನೀಲಿ ಉಣ್ಣೆ ನೀರು ಬಿದ್ದರೆ ಕುಗ್ಗುತ್ತದೆ ಜೋಪಾನ’. ಅದರೊಳಗೆ ‘ತುತ್ತೂರಿಯವರು ಕೈ ಎತ್ತಿ ಊದುತ್ತಾರೆ ತೋಳು ಬಿಗಿಯಾಗಬಾರದು’. ಓದುವವರಿಗೆ ದಮ್ಮು ಹತ್ತಬೇಕು.

ಆ ಬೆಳಿಗ್ಗೆ ಆ ಕಂಪ್ಯೂಟರಿನ ಮುಂದೆ ಹಲ್ಲು ಕಚ್ಚಿಕೊಂಡು ಕೂತಿದ್ದವಳು ಅವರ ತಂಗಿಯ ಮಗಳು. ಕಟಿಂಗ್ ಮೇಜಿನ ಕೆಳಗೆ ಚೂರು ಬಟ್ಟೆ ಆಯ್ದುಕೊಂಡು ಬೆಳೆದ ಹುಡುಗಿ. ಅಲ್ಲಿ ಎಲ್ಲರ ಬಾಯಲ್ಲೂ ಚೂಟಿ. ಈಗ ಹಗಲು ಆಫೀಸಿನ ಕೆಲಸ ಮಾಡಿ, ಸಂಜೆ ಹೊತ್ತು ಬೇರೆ ಬೇರೆ ದೇಶದವರ ಜೊತೆ ಸೇರಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದಳು. ಅಳತೆ ಕೊಟ್ಟರೆ ಅದು ಬಟ್ಟೆಯ ಮೇಲಿಟ್ಟು ಕತ್ತರಿಸುವ ಪೇಪರ್ ಕಟಿಂಗ್ ಬರೆದುಕೊಡುತ್ತದೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದರಲ್ಲಿ ಕೋಟಿನ ತೋಳಿನ ಭಾಗ ಪೂರಾ ಚೂಟಿಯ ಕೈಬರಹ. ಮನೆಯವರು ಅದನ್ನು ಬಿಟ್ಟಿ ಚಾಕರಿ ಎನ್ನುತ್ತಿದ್ದರು. ಎಲ್ಲೆಲ್ಲಿಯೋ ಇರುವ ದರ್ಜಿಗಳು ಅವಳಿಗೆ ವಂದನೆ ಬರೆಯುತ್ತಿದ್ದರು, ಆದರೆ ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ, ತಾನು ಹೊಲಿಗೆ ಕಲಿತ ಮೇಜಿನ ಮೇಲೆ ತನ್ನ ತೋಳು ಒಂದು ಸಲ ಬಟ್ಟೆಯಾಗಬೇಕು ಎಂಬುದೇ ಅವಳ ಆಸೆಯೆಲ್ಲ.

ದೊಡ್ಡಮ್ಮ ಒಂದೇ ಒಂದು ಅವಕಾಶ ಕೊಟ್ಟಿದ್ದರು.

“ಮಧ್ಯಾಹ್ನ ಉಣ್ಣೆ ಬಿಚ್ಚಿ ಹಾಸ್ತೀನಿ. ಅಷ್ಟರೊಳಗೆ ಪೇಪರ್ ಕೈಗೆ ಬಂತೋ, ಸರಿ. ಇಲ್ಲಾಂದ್ರೆ ನನ್ನ ಹಳೇ ರಟ್ಟುಗಳಿವೆ. ಆಮೇಲೆ ಈ ಮಾತು ಎತ್ತಬಾರದು ನೋಡು.”

ತೋಳಿನ ಭಾಗ ಇನ್ನೂ ಹೊಸತು; ಅಂಗಡಿಯಂಥ ಕಂಪ್ಯೂಟರಿಗೆ ಅದರ ಸಿದ್ಧ ರೂಪ ಇನ್ನೂ ಬಂದಿರಲಿಲ್ಲ. ಬರೆದದ್ದನ್ನೆಲ್ಲ ಜೋಡಿಸಿ ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ, ಅಂದರೆ ಬಿಲ್ಡ್, ಈ ಯಂತ್ರದ ಮೇಲೆಯೇ ಆಗಬೇಕಿತ್ತು. ಚೂಟಿಯ ಸ್ವಂತ ಕಂಪ್ಯೂಟರ್ ಓಡುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಅಲ್ಲಿ ಅದು ನೀರು ಕುಡಿದಷ್ಟು ಸಲೀಸು. ಅಂಗಡಿಯದು ವಿಂಡೋಸ್. ಜೊತೆಗೆ ದೊಡ್ಡಮ್ಮನ ಅಪ್ಪಣೆ ಬೇರೆ: “ಈ ಗಿರಾಕಿಗೆ ಅಂತ ತಂದದ್ದು ಈ ಗಿರಾಕಿ ಗಂಟಲ್ಲೇ ಇರ್ಬೇಕು.” ಹಾಗಾಗಿ ಪ್ರೋಗ್ರಾಮಿನ ಸರಂಜಾಮೆಲ್ಲ ತುತ್ತೂರಿಯವರ ಫೋಲ್ಡರಿನೊಳಗೇ ಹೋಗಿ ಕೂತಿತ್ತು.

ಬಿಲ್ಡ್ ಅರ್ಧ ದಾರಿಗೆ ಹೋಗಿ ಮುಗ್ಗರಿಸಿತು. ಫೈಲ್ ಸಿಗುತ್ತಿಲ್ಲ ಎಂದಿತು. ಚೂಟಿ ಫೋಲ್ಡರ್ ತೆರೆದು ನೋಡಿದಳು. ಫೈಲ್ ಅಲ್ಲೇ ಇದೆ, ಕಣ್ಣಿಗೆ ರಾಚುವ ಹಾಗಿದೆ! ಫೈಲು ಯಾವ ಫೋಲ್ಡರಿನೊಳಗಿನ ಯಾವ ಫೋಲ್ಡರಿನಲ್ಲಿದೆ ಎಂದು ಸಾಲಾಗಿ ಬರೆಯುವ ವಿಳಾಸದಲ್ಲಿ, ಹೆಸರುಗಳ ನಡುವಿನ ಗೀಟುಗಳು ವಿಂಡೋಸಿನಲ್ಲಿ ಹಿಂದಕ್ಕೆ ವಾಲುತ್ತವೆ, ಲಿನಕ್ಸಿನಲ್ಲಿ ಮುಂದಕ್ಕೆ. ಅದಿರಬಹುದೇ ಎಂದು ಹುಡುಕಿ ನೋಡಿದಳು, ಅಲ್ಲ. ಹೆಸರುಗಳ ನಡುವಿನ ಖಾಲಿ ಜಾಗವೇ? ಅದೂ ಅಲ್ಲ. ಕನ್ನಡ ಅಕ್ಷರ ಕಂಡು ಯಂತ್ರ ಮುನಿಸಿಕೊಂಡಿತೇ ಎಂದು ಒಂದು ಸಣ್ಣ ಫೋಲ್ಡರಿಗೆ ಬರೀ ‘ತೋಳು’ ಎಂದು ಹೆಸರಿಟ್ಟು ಪರೀಕ್ಷಿಸಿದಳು. ಅಲ್ಲಿ ಬಿಲ್ಡ್ ಸೊಗಸಾಗಿ ಮುಗಿಯಿತು. ಗಂಟಿನೊಳಗೆ ಹಾಕಿದೊಡನೆ ಮತ್ತೆ ಅದೇ ರಾಗ.

ಆಗ ಹೊಳೆಯಿತು. ವಿಂಡೋಸ್ ಮಾಮೂಲಾಗಿ ಒಂದು ಫೈಲಿನ ವಿಳಾಸ ಇಷ್ಟುದ್ದವೇ ಇರಬೇಕು ಎಂದು ಮಿತಿ ಹಾಕಿಕೊಂಡಿರುತ್ತದೆ. ಅದಕ್ಕಿಂತ ಉದ್ದವಾದರೆ, ಎದುರಿಗೆ ನಿಂತ ಫೈಲೂ ಅನೇಕ ಪ್ರೋಗ್ರಾಮುಗಳಿಗೆ ಕಾಣುವುದಿಲ್ಲ. ಲಿನಕ್ಸಿನಲ್ಲಿ ಆ ಮಿತಿ ಎಷ್ಟೋ ದೂರ.

ಈ ಪ್ರೋಗ್ರಾಮಿನ ಯೋಜನೆಗೆ ಒಬ್ಬ ಹಿರಿಯ, ದೂರದ ಯಾವುದೋ ಊರಿನವನು; ತನ್ನ ಹೆಸರಿನ ಪಕ್ಕ ಹಕ್ಕಿಯ ಚಿತ್ರ ಹಾಕಿಕೊಂಡದ್ದಕ್ಕೆ ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಚೂಟಿ ಅವನಿಗೆ ಬರೆದಳು. ಉತ್ತರ ಬಂತು: ಹೆಸರುಗಳನ್ನು ಮೊಟಕು ಮಾಡಿಸು, ಎಲ್ಲರೂ ಹಾಗೇ ಮಾಡುವುದು.

ಅವಳು ಹಾಗೇ ಹೇಳಲು ಹೋದಳು. “ದೊಡ್ಡಮ್ಮ, ನಿಮ್ಮ ಹೆಸರುಗಳು ತುಂಬಾ ಉದ್ದ. ಸ್ವಲ್ಪ ಚಿಕ್ಕದು ಮಾಡ್ಲಾ?”

ದೊಡ್ಡಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡರು. “ಯಾಕೆ?”

“ಪ್ರೋಗ್ರಾಮಿಗೆ ಹಿಡಿಸಲ್ಲ.”

“ಕೋಟು ಹಿಡಿಸ್ಲಿಲ್ಲ ಅಂತ ಬಂದ ಗಿರಾಕಿಗೆ ಹೊಟ್ಟೆ ಇಳಿಸ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದು ನೋಡಿದ್ಯೇನೇ ನನ್ನ ಅಂಗಡೀಲಿ?”

ಪಕ್ಕದಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಚೂಟಿಗೆ ಕಿವಿ ಬಿಸಿಯಾಯಿತು. ಎಂಥ ಮಾತಿಗೂ ಎದುರುತ್ತರ ಇಟ್ಟುಕೊಂಡಿದ್ದವಳು ಈ ಸಲ ಕಂಪ್ಯೂಟರಿನ ಕಡೆ ತಿರುಗಿದಳು, ಏಕೆಂದರೆ ಮಾತು ಸರಿಯಾಗಿತ್ತು.

“ಹೋಗ್ಲಿ, ಅದು ಏನಂತಿದೆ ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ,” ಎಂದರು ದೊಡ್ಡಮ್ಮ.

ಯಂತ್ರ ತಪ್ಪೆಂದು ತೋರಿಸುತ್ತಿದ್ದ ವಿಳಾಸವನ್ನು ಚೂಟಿ ಓದಿದಳು. ಸಂಗೀತ ತಂಡದವರ ಕೋಟು, ನೀಲಿ ಉಣ್ಣೆ, ತುತ್ತೂರಿಯವರು, ಆಮೇಲೆ ಬಿಲ್ಡ್, ಅದರೊಳಗೆ ಸಂಗೀತ ತಂಡದವರ ಕೋಟು, ನೀಲಿ ಉಣ್ಣೆ…

“ಅದನ್ನ ಈಗ ತಾನೇ ಓದಿದ್ಯಲ್ಲ? ಮತ್ತೆ ಯಾಕೆ ಓದ್ತೀಯ?”

“ಇಲ್ಲಿ ಹಾಗೇ…” ಎಂದವಳು ಪರದೆಯತ್ತ ಬಗ್ಗಿದಳು.

ವಿಳಾಸ ಎರಡು ಸಲ ಇತ್ತು! ಬಿಲ್ಡ್ ಮಾಡುವಾಗ ಯಾವ ಫೈಲನ್ನು ಎಲ್ಲಿಡಬೇಕು ಎಂದು ಹೇಳುವ ವಿಧಾನದಲ್ಲಿ, ಪೂರ್ತಿ ವಿಳಾಸವನ್ನು ಇನ್ನೊಮ್ಮೆ ಒಳಗೆ ನಕಲು ಮಾಡು ಎಂದು ಯಾರೋ ಬರೆದಿದ್ದರು. ಯಾರು ಎಂದು ನೋಡಿದರೆ ಅವಳೇ. ತೋಳಿನ ಭಾಗ ಸೇರಿಸಿದ ದಿನ ಆತುರಕ್ಕೆ ಬರೆದದ್ದು. ಅವಳ ಲಿನಕ್ಸು ಅದನ್ನು ತೆಪ್ಪಗೆ ಸಹಿಸಿಕೊಂಡಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೊಡ್ಡಮ್ಮನ ಗಂಟು ಒಂದೇ ಸಲ ಬಂದಿದ್ದರೆ ಮಿತಿಯೊಳಗೆ ಆರಾಮವಾಗಿ ಹಿಡಿಯುತ್ತಿತ್ತು.

“ತಪ್ಪು ನಂದೇ, ದೊಡ್ಡಮ್ಮ. ನಿಮ್ಮ ಹೆಸರುಗಳಲ್ಲಿ ಏನೂ ಇಲ್ಲ.”

“ಹಾಗಾದ್ರೆ ಬಿಚ್ಚಿ ಹೊಲಿ. ಅಳೋದಕ್ಕೇನಿದೆ ಅದರಲ್ಲಿ?”

“ಅಳ್ತಿಲ್ಲ.”

“ಸರಿ, ಇಲ್ಲ.”

ಅವಳು ಬಿಚ್ಚಿ ಹೊಲಿದಳು. ಪಕ್ಕದ ಕೋಣೆಯಲ್ಲಿರುವವರನ್ನು ಕರೆಯಲು ಊರು, ಬೀದಿ, ಮನೆ ಎಲ್ಲ ಹೇಳಬೇಕೇ? ನಿಂತಲ್ಲಿಂದ ಪಕ್ಕದ ಕೋಣೆ ಎಂದರೆ ಸಾಲದೇ? ವಿಧಾನವನ್ನು ಹಾಗೆ ತಿದ್ದಿದಳು. ಅಷ್ಟಕ್ಕೇ ಬಿಡದೆ, ದೊಡ್ಡಮ್ಮನ ಹೆಸರುಗಳನ್ನು ಇದ್ದ ಹಾಗೇ ಇಟ್ಟು ಪ್ರೋಗ್ರಾಮಿಗೇ ಒಂದು ಪರೀಕ್ಷೆ ಸೇರಿಸಿದಳು: ಇನ್ನು ಮುಂದೆ ಪ್ರೋಗ್ರಾಮ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರ ಮೇಲೂ ಇಷ್ಟುದ್ದ ವಿಳಾಸದೊಳಗೆ ಬಿಲ್ಡ್ ಆಗಬೇಕು, ಆಗದಿದ್ದರೆ ಹೊರಗೆ ಹೋಗಕೂಡದು. ಯೋಜನೆಯ ಪರೀಕ್ಷಾ ಯಂತ್ರಗಳು ಮೂರೂ ಪಾಸಾಯಿತೆಂದು ಹಸಿರು ಗುರುತು ಹಾಕಿದವು. ಕೊಕ್ಕರೆ ಒಪ್ಪಿಕೊಂಡು, ನನ್ನ ಸಲಹೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ ಎಂದು ಬರೆದ.

ಬಿಲ್ಡ್ ಗಂಟಿನೊಳಗೇ ಮುಗಿದು, ಅಳತೆ ಕೊಟ್ಟೊಡನೆ ಅಂಗಡಿಯ ಪ್ರಿಂಟರಿನಿಂದ ತುತ್ತೂರಿಯವರ ತೋಳಿನ ಪೇಪರ್ ಸರಸರನೆ ಹೊರಬಂತು. ದೊಡ್ಡಮ್ಮ ಅದನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದರು. ಭುಜದ ತಿರುವು ಅಳೆದರು, ಮೊಣಕೈ ಅಳೆದರು, ಕಂಕುಳ ಕೆಳಗೆ ಬೆರಳಿಟ್ಟು ಸಡಿಲ ಎಷ್ಟಿದೆ ಎಂದು ನೋಡಿದರು. ತುತ್ತೂರಿ ಊದುವವರಂತೆ ತಾವೇ ಕೈ ಎತ್ತಿ ನೋಡಿಕೊಂಡರು.

ಕಾಜಾದ ಹೆಂಗಸು ಒಳಗಿನಿಂದ ಹಳೆಯ ಹೊದಿಕೆಯೊಂದನ್ನು ತಂದು ಹಾಸಹೊರಟಳು. ಹೊಸ ಪೇಪರನ್ನು ಮೊದಲು ಹಳೇ ಬಟ್ಟೆಯಲ್ಲಿ ಕತ್ತರಿಸಿ ನೋಡುವುದು ಅಲ್ಲಿನ ರೂಢಿ. ದೊಡ್ಡಮ್ಮ ತಾವೇ ಬರೆದ ಪೇಪರಿಗೂ ಆ ಪರೀಕ್ಷೆ ತಪ್ಪಿಸಿದವರಲ್ಲ.

“ಅದು ಯಾಕೆ ಈಗ?” ಎಂದರು ದೊಡ್ಡಮ್ಮ.

“ಮೊದಲು ಇದರಲ್ಲಿ ನೋಡೋದಲ್ವಾ ಅಕ್ಕಾ?”

“ಎತ್ತಿಡು. ಇದು ನಮ್ಮ ಹುಡುಗಿ ಬರೆದದ್ದು.”

ನೀಲಿ ಉಣ್ಣೆ ಮೇಜಿನುದ್ದಕ್ಕೂ ಬಿಚ್ಚಿಕೊಂಡಿತು. ತಂಡದವರು ಅಳೆದು ತಂದ ಬಟ್ಟೆ; ತಪ್ಪಿದರೆ ಬದಲಿ ಇಲ್ಲ. ದೊಡ್ಡಮ್ಮ ಪೇಪರಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಒಂದು ಕ್ಷಣವೂ ತಡೆಯದೆ ಕತ್ತರಿ ಹಾಕಿದರು. ದೂರದ ದರ್ಜಿಗಳು ಬರೆದ ಅಷ್ಟೂ ವಂದನೆಗಳನ್ನು ಒಟ್ಟು ಸೇರಿಸಿದರೂ ಚೂಟಿಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ. ಈ ಸಲ ಅಳುತ್ತಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ.

“ನಿಂತ್ಕೊಂಡು ಏನು ನೋಡ್ತೀಯೇ?” ಎಂದರು ದೊಡ್ಡಮ್ಮ, ತಲೆ ಎತ್ತದೆ. “ಬಾ, ಆ ಕಡೆ ಬಟ್ಟೆ ಹಿಡ್ಕೋ.”