ಎಡಗಡೆಯ ಹಬ್

ಷಡ್ಡಕ ಕೆಮ್ಮಿದರೂ ಅದು ಮಾವನ ಗಮನ ಸೆಳೆಯಲಿಕ್ಕೆ ಅಂತಲೇ ಆಕ್ಸಲಣ್ಣನಿಗೆ ಅನ್ನಿಸುತ್ತಿತ್ತು. ಅಷ್ಟು ಹೊಟ್ಟೆಕಿಚ್ಚು. ಮಾವನ ಗ್ಯಾರೇಜಿಗೆ ಬರುವ ಹಳೇ ಜೀಪುಗಳ ಮುಂದಿನ ಆಕ್ಸಲ್ ಬಿಚ್ಚಿ ಕಟ್ಟುವುದು ಹದಿನೆಂಟು ವರ್ಷದಿಂದ ಹಿರಿಯ ಅಳಿಯನಾದ ಅವನದೇ ಕೆಲಸ. ಗಿರಾಕಿಗಳು ಅವನಿಗೆ ಹೆಸರಿಟ್ಟದ್ದೂ ಅದಕ್ಕೇ. ಕಿರಿಯ ಅಳಿಯ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ, ಮಾವ ಅವನನ್ನು ತಲೆಯ ಮೇಲೆ ಕೂರಿಸಿಕೊಂಡುಬಿಟ್ಟಿದ್ದರು. ಏನು ಕೈ, ಏನು ಶ್ರದ್ಧೆ ಅಂತ ಊಟಕ್ಕೆ ಕೂತಾಗಲೂ ಅದೇ ಹಾಡು. ಹೆಂಡತಿಯೂ ತಂಗಿಯ ಗಂಡನನ್ನು ಹೊಗಳಲು ಶುರುಮಾಡಿದರೆ ಆಕ್ಸಲಣ್ಣ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಬಿಡುತ್ತಿದ್ದ.

ಆ ವಾರ ಮಾವ ಡಾಕ್ಟರರ ಹಳೇ ಜೀಪನ್ನು ಕಿರಿಯವನ ಕೈಗೇ ಕೊಟ್ಟರು. ಆಕ್ಸಲ್ ಕಟ್ಟಿದ ಮೇಲೆ ಕಲ್ಲುಗಣಿಯ ಏರು ಹತ್ತಿಸಿ ನೋಡೋಣ, ಹತ್ತಿದರೆ ಇನ್ನು ಆಕ್ಸಲ್ ಕೆಲಸವೆಲ್ಲ ಇವನದೇ ಅಂತ ಎಲ್ಲರೆದುರೇ ಹೇಳಿದರು. ನಿನ್ನ ಬೆನ್ನಿಗೂ ಸ್ವಲ್ಪ ವಿಶ್ರಾಂತಿ ಬೇಡವೇ ಅಂತ ಹಿರಿಯವನಿಗೆ ಸಮಾಧಾನ ಬೇರೆ. ವಿಶ್ರಾಂತಿಯಂತೆ! ಆಕ್ಸಲ್ ಕೈಬಿಟ್ಟು ಹೋದ ಮೇಲೆ ಆಕ್ಸಲಣ್ಣ ಅಂತ ಯಾರು ಕರೆಯುತ್ತಾರೆ?

ಅಂಥ ಜೀಪಿನಲ್ಲಿ ಒಳಗೆ ಕೂತು ಗೇರ್ ಹಾಕಿದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುವುದಿಲ್ಲ. ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇರುವ ಹಬ್ ಎಂಬ ಗುಂಡು ಬಿಲ್ಲೆಯನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಒಂದನ್ನು ಬಿಟ್ಟರೂ ಮುಂದಿನ ಎಳೆತವೆಲ್ಲ ಬಿಟ್ಟ ಕಡೆಯೇ ಸುಮ್ಮನೆ ಸುತ್ತಿ ಪೋಲಾಗುತ್ತದೆ. ಗ್ಯಾರೇಜಿನ ಪದ್ಧತಿಯಲ್ಲಿ ಎಡಗಡೆ ಆಕ್ಸಲಣ್ಣನದು, ಬಲಗಡೆ ಮಾವನದು. ತಿರುಗಿಸಿದವರು 'ಹಾಕಿದೆ' ಅಂತ ಕೂಗಬೇಕು. ಕೂಗಿದ ಮೇಲೆ ಇನ್ನೊಬ್ಬರು ಅದನ್ನು ಮುಟ್ಟಿ ನೋಡುವಂತಿಲ್ಲ. ಮಾವನ ಮಂಡಿ ಕೈಕೊಟ್ಟ ಮೇಲೆ ಬಲಗಡೆ ಕಿರಿಯವನ ಪಾಲಿಗೆ ಬಂದಿತ್ತು.

ಗಣಿಯ ಬುಡದಲ್ಲಿ ಜೀಪು ನಿಂತಿತು. ಬಲಗಡೆಯಿಂದ ಕಿರಿಯವನು ಕೂಗಿದ. ಎಡಗಡೆ ಆಕ್ಸಲಣ್ಣ ಕುಕ್ಕರಗಾಲಲ್ಲಿ ಕೂತ, ಹಬ್ ಮೇಲೆ ಕೈಯಿಟ್ಟ, ತಿರುಗಿಸಲಿಲ್ಲ.

"ಹಾಕಿದೆ" ಅಂದ.

ಮೂವರೂ ಹತ್ತಿ ಕೂತರು, ಕಿರಿಯವನು ಓಡಿಸಿದ. ಅರ್ಧ ಏರಿನಲ್ಲಿ ಹಿಂದಿನ ಚಕ್ರಗಳು ಕೆಸರೆರಚುತ್ತ ನಿಂತಲ್ಲೇ ಸುತ್ತಿದವು, ಜೀಪು ಒಂದಿಂಚೂ ಮುಂದೆ ಹೋಗಲಿಲ್ಲ. ಆಕ್ಸಲಣ್ಣನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರೂ ಇಳಿದರು. ಕಿರಿಯವನು ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಅಂಗಿ ಹೋದರೆ ಹೋಗಲಿ ಅಂತ ಕೆಸರಿನಲ್ಲೇ ಅಂಗಾತ ಮಲಗಿ ಜೀಪಿನಡಿಗೆ ತೂರಿದ. ನಟ್ಟು, ಬೋಲ್ಟು, ಶಾಫ್ಟು ಒಂದೊಂದನ್ನೇ ತಡವುತ್ತ, ತನ್ನದೇ ಏನೋ ತಪ್ಪಾಗಿದೆ, ಪೂರ್ತಿ ಬಿಚ್ಚಬೇಕು ಅಂತ ಗೊಣಗಿಕೊಂಡ. ಎರಡೂ ಕಡೆ ಹಬ್ ಸರಿಯಾಗಿ ನೋಡಿದೆಯಾ ಅಂತ ಮಾವ ಕೇಳಿದರು.

"ಬಲಗಡೆದು ಮತ್ತೆ ನೋಡ್ದೆ. ಎಡಗಡೆದು ಭಾವ ಹಾಕಿದಾರಲ್ಲ, ಅದನ್ನೇನು ನೋಡೋದು" ಅಂದ ಅವನು, ಅಡಿಯಿಂದಲೇ.

ಆಕ್ಸಲಣ್ಣನ ಮುಖ ಹುಳ್ಳಗಾಯಿತು. ಥೂ, ನನ್ನ ಜನ್ಮಕ್ಕಿಷ್ಟು ಅಂದುಕೊಂಡ. ಯಾರೂ ನೋಡದಾಗ ತಿರುಗಿಸಿಬಿಡೋಣ ಅಂತ ಎಡಗಡೆಗೆ ಸರಿದ. ಅಷ್ಟರಲ್ಲಿ ಮಾವ ಬಾನೆಟ್ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ, ಆ ಕೆಟ್ಟ ಮಂಡಿಗಳನ್ನೇ ಊರಿ ಅಲ್ಲಿ ಕೂತಿದ್ದರು. ಹಬ್ ತಡವಿದರು. ತಲೆಯೆತ್ತಿ ಹಿರಿಯ ಅಳಿಯನನ್ನು ಒಂದು ಸಲ ನೋಡಿದರು. ಆಮೇಲೆ ತಾವೇ ತಿರುಗಿಸಿದರು. ಟಕ್ ಅಂತ ಲಾಕ್ ಆಯಿತು.

ಹಬ್ ಜಾರಿತ್ತು, ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ, ಎದ್ದು ಓಡಿಸು ಅಂತ ಅವರು ಕಿರಿಯವನಿಗೆ ಹೇಳಿದರು. ಜೀಪು ಗುರುಗುಡುತ್ತ ಒಂದೇ ದಮ್ಮಿಗೆ ಏರು ಹತ್ತಿತು. ಮೇಲಿಂದ ಅವನು ಕೈಬೀಸಿದ್ದು ಭಾವನ ಕಡೆಗೆ.

ಮಾವನನ್ನು ಎಬ್ಬಿಸಲು ಆಕ್ಸಲಣ್ಣ ಕೈ ಚಾಚಿದ. ಅವರು ಆ ಕೈ ಹಿಡಿಯದೆ, ನೆಲಕ್ಕೆ ಕೈಯೂರಿ ತಾವೇ ಎದ್ದರು.

"ಹದಿನೆಂಟು ವರ್ಷ ನೀನು ಕೂಗಿದ ಮೇಲೆ ನಾನು ಒಂದಿನಾನೂ ಮುಟ್ಟಿ ನೋಡಿರ್ಲಿಲ್ಲ" ಅಂದರು ಮೆಲ್ಲಗೆ. "ನಾಳೆಯಿಂದ ಎರಡೂ ಕಡೆ ಅವನೇ ಹಾಕ್ಲಿ."