ಹದಿನೇಳನೇ ಸಾಲಿನ ಎರಡು ಕುರ್ಚಿಗಳು

ಕ್ಷೌರಿಕ ವಿಟೊ ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಫೋನ್ ಎತ್ತಿದಾಗ ಕ್ಯಾಸಿಮಿರ್‌ನ ತಲೆಯ ಎಡಭಾಗ ಮಾತ್ರ ಮುಗಿದಿತ್ತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ ಅವನು ಕನ್ನಡಿಯಲ್ಲಿ ಹಿಂದಿನ ಬೆಂಚನ್ನು ನೋಡುತ್ತಿದ್ದ. ಬೆಂಚಿನ ಮೇಲೆ ರೇ ಮಾಲೋನ್ ಪತ್ರಿಕೆಯ ಬೇಸ್‌ಬಾಲ್ ಪುಟ ಹರಡಿಕೊಂಡಿದ್ದ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಈಗಲೂ ಹಿಂದಿನ ಸೀಟಿನವರಿಗೆ ಕೇಳಿಸಬೇಕು ಎಂಬಂತೆ ಮಾತಾಡುತ್ತಿದ್ದ.

"ಐದು ಜನ ಎಡಗೈ ಪಿಚರ್‌ಗಳನ್ನ ಇಟ್ಕೊಂಡು ಏನ್ಮಾಡ್ತಾರಯ್ಯಾ ಇವ್ರು? ಉಪ್ಪಿನಕಾಯಿ ಹಾಕ್ತಾರಾ?"

"ಹೂಂ," ಎಂದ ವಿಟೊ. ಅದು ಫೋನಿಗೆ ಹೇಳಿದ್ದು. "ಹೂಂ. ಯಾವಾಗಮ್ಮ?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಫೋನನ್ನು ಅದರ ಜಾಗದಲ್ಲಿಟ್ಟು, ಕತ್ತರಿಯನ್ನೂ ಕೆಳಗಿಟ್ಟ.

"ಲೂಯಿ ಹೋದನಂತೆ. ಬೆಳಿಗ್ಗೆ ಆರಕ್ಕೆ, ನಿದ್ದೇಲೇ. ಅವನ ಮಗಳು ಫೋನ್ ಮಾಡಿದ್ದು."

ರೇ ಪತ್ರಿಕೆಯನ್ನು ಮಡಿಸಿದ. ಕ್ಯಾಸಿಮಿರ್ ಬಟ್ಟೆಯ ಒಳಗೇ ಕೈ ತಂದು ಶಿಲುಬೆಯ ಗುರುತು ಮಾಡಿಕೊಂಡ. ಅರ್ಧ ತಲೆಯಲ್ಲಿ ಯಾರನ್ನೂ ಎಬ್ಬಿಸಿ ಕಳಿಸುವಂತಿಲ್ಲವಾದ್ದರಿಂದ ವಿಟೊ ಮತ್ತೆ ಕತ್ತರಿ ಎತ್ತಿಕೊಂಡ. ಬಲಭಾಗವನ್ನೂ ಮುಗಿಸಿದ.

"ಮೈದಾನದ ಸೀಟು ಹೋದ್ಮೇಲೆ ಮನುಷ್ಯ ಅರ್ಧ ಆಗ್ಬಿಟ್ಟಿದ್ದ," ಎಂದ ರೇ ಕೊನೆಗೆ. "ಆ ಹೆರನ್ಸ್ ಟೀಮಿನ ಆಫೀಸಿನವರಿಗೆ ದೇವ್ರು ಒಳ್ಳೇದು ಮಾಡಲ್ಲ ಬಿಡು. ಅಷ್ಟು ವರ್ಷ ಕೂತಿದ್ದೋರನ್ನ ಎಬ್ಬಿಸ್ತಾರೆ ಅಂದ್ರೆ."

ಕ್ಯಾಸಿಮಿರ್ ಕನ್ನಡಿಯಿಂದ ಕಣ್ಣು ತೆಗೆದು ತನ್ನ ಮೊಣಕಾಲ ಮೇಲೆ ಬಿದ್ದಿದ್ದ ಬಿಳಿ ಕೂದಲನ್ನು ನೋಡಿದ. ಯಾರೂ ಅವರನ್ನು ಎಬ್ಬಿಸಿರಲಿಲ್ಲ. ಅದು ಅವನೊಬ್ಬನಿಗೆ ಗೊತ್ತಿತ್ತು.

ಹೆರನ್ಸ್ ತಂಡದ ಬೇಸ್‌ಬಾಲ್ ಮೈದಾನದಲ್ಲಿ ಮೂರನೇ ಬೇಸಿನ ಕಡೆ, ಹದಿನೇಳನೇ ಸಾಲಿನ ಕೊನೆಯ ಎರಡು ಕುರ್ಚಿಗಳು ಇಪ್ಪತ್ತೊಂಬತ್ತು ವರ್ಷ ಕ್ಯಾಸಿಮಿರ್ ಮತ್ತು ಲೂಯಿ ಅವರದ್ದಾಗಿದ್ದವು. ಇಬ್ಬರೂ ಲೋಹದ ಅಚ್ಚು ಮಾಡುವ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಸಂತ ಹೆಡ್ವಿಗ್‌ಳ ಚರ್ಚಿನಲ್ಲಿ ಒಂದೇ ಸಾಲಿನಲ್ಲಿ ಕೂರುವವರು. ಇಡೀ ಸೀಸನ್‌ನ ಟಿಕೆಟ್ಟು ಮಾತ್ರ ಕ್ಯಾಸಿಮಿರ್‌ನ ಹೆಸರಿನಲ್ಲಿತ್ತು. ಪ್ರತಿ ಜನವರಿಯ ಮೂರನೇ ಶನಿವಾರ ಲೂಯಿ ತನ್ನ ಹೆಂಡತಿ ಬರ್ನಡೆಟ್ ಮಾಡಿದ ಗಸಗಸೆಯ ರೊಟ್ಟಿ ಹಿಡಿದುಕೊಂಡು ಬರುವನು. ಕ್ಯಾಸಿಮಿರ್‌ನ ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಕೂತು ಬರುವ ಸೀಸನ್‌ನ ಫಾರ್ಮು ತುಂಬುವರು. ಹೆಸರು, ವಿಳಾಸ, ಸಾಲು, ಕುರ್ಚಿ. ಬದಲಾಗುವಂಥದ್ದು ಅದರಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಲೂಯಿ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಹೇಳುವನು, ಕ್ಯಾಸಿಮಿರ್ ಬರೆಯುವನು. ಆಮೇಲೆ ಅಂಚೆಗೆ ಹಾಕುವುದು ಕ್ಯಾಸಿಮಿರ್‌ನ ಕೆಲಸ.

ಈ ಸಲ ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ತಂಡದವರು ಅಮಡಿಯೊ ಬ್ರಿಟೊನನ್ನು ಬೇರೆ ಊರಿನ ತಂಡಕ್ಕೆ ಕೊಟ್ಟುಬಿಟ್ಟರು. ಹನ್ನೊಂದು ವರ್ಷ ಹೆರನ್ಸ್‌ಗೆ ಕ್ಯಾಚರ್ ಆಗಿದ್ದವನು. ಬದಲಿಗೆ ಬಂದವರು ಯಾರೂ ಹೆಸರು ಕೇಳದ, ಚೆಂಡೆಸೆಯುವ ಇಬ್ಬರು ಪಿಚರ್‌ಗಳು. ಅಂದು ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಒಂದು ಕಡೆ, ಲೂಯಿ ಒಬ್ಬನೇ ಇನ್ನೊಂದು ಕಡೆ.

"ಅವನ ಮೊಣಕಾಲು ನೋಡಿದೀಯೇನೋ?" ಎಂದಿದ್ದ ಲೂಯಿ. "ಹನ್ನೊಂದು ವರ್ಷ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿದೋನು. ಈಗ ಕೊಟ್ರೆ ಇಬ್ರು ಹುಡುಗ್ರು ಸಿಗ್ತಾರೆ. ಇನ್ನೊಂದು ವರ್ಷ ಕಾದ್ರೆ ಒಂದು ಚೀಲ ಹಳೇ ಚೆಂಡೂ ಸಿಗಲ್ಲ."

"ಹತ್ತೊಂಬತ್ತು ವರ್ಷದ ಪಿಳ್ಳೆಗಳು," ಎಂದ ಕ್ಯಾಸಿಮಿರ್. "ಅವರಿಗೆ ಗಡ್ಡ ಬರೋ ಹೊತ್ತಿಗೆ ನಾವು ಮಣ್ಣಲ್ಲಿರ್ತೀವಿ."

"ನೀನಿರು. ನಾನು ಹದಿನೇಳನೇ ಸಾಲಲ್ಲಿ ಕೂತ್ಕೊಂಡು ನೋಡ್ತಿರ್ತೀನಿ."

"ನಿನ್ನಂಥೋರು ಇರೋದ್ರಿಂದ್ಲೇ ಕಣೋ ಆ ಮಾಲೀಕ ಹಿಂಗೆ ಆಡ್ತಿರೋದು. ನಾಳೆ ಮೈದಾನನೇ ಮಾರಿಬಿಟ್ರೂ, ಕಾರು ನಿಲ್ಸೋಕೆ ಜಾಗ ಚೆನ್ನಾಗಿತ್ತು ಅಂತೀಯ ನೀನು."

ಎಲ್ಲರೂ ನಕ್ಕರು. ಲೂಯಿಯೂ ನಕ್ಕ. "ಅವರಿಗೂ ಗೆಲ್ಲೋ ಆಸೆ ಇರುತ್ತೆ ಕ್ಯಾಸ್. ನಮಗಿಂತ ಜಾಸ್ತಿನೇ ಇರ್ಬೋದು," ಎಂದ. ಅವನ ಸ್ವಭಾವವೇ ಹಾಗೆ. ತಂಡ ನೂರು ಆಟ ಸೋತ ವರ್ಷವೂ ಅವನ ಬಾಯಲ್ಲಿ ಆಡಳಿತದವರ ಬಗ್ಗೆ ಕೆಟ್ಟ ಮಾತು ಬಂದಿರಲಿಲ್ಲ.

ಕ್ಯಾಸಿಮಿರ್‌ಗೆ ಆ ಸಿಟ್ಟು ಇಳಿಯಲಿಲ್ಲ. ಜನವರಿಯಲ್ಲಿ ಎಂದಿನಂತೆ ಫಾರ್ಮು ತುಂಬಿದರು. ಲೂಯಿ ಮನೆಗೆ ಹೋದ ಮೇಲೆ ಅವನು ಅದನ್ನು ಅಂಚೆಗೆ ಹಾಕಲಿಲ್ಲ, ಅಡುಗೆಮನೆಯ ಡ್ರಾಯರಿನಲ್ಲಿಟ್ಟ. ಅವನ ಲೆಕ್ಕಾಚಾರ ಇಷ್ಟೇ: ಕೊನೆಯ ದಿನ ದಾಟುತ್ತದೆ. ಆಫೀಸಿನಲ್ಲಿ ಯಾರಾದರೂ ದೊಡ್ಡವರು ಪಟ್ಟಿ ನೋಡುತ್ತಾರೆ. ಹದಿನೇಳನೇ ಸಾಲು ಖಾಲಿಯಿರುವುದು ಕಣ್ಣಿಗೆ ಬೀಳುತ್ತದೆ. 'ಇಪ್ಪತ್ತೊಂಬತ್ತು ವರ್ಷದಿಂದ ಬರುತ್ತಿದ್ದಿರಿ, ಏನಾಯಿತು?' ಎಂದು ಫೋನ್ ಮಾಡುತ್ತಾರೆ. ಆಗ ಬ್ರಿಟೊನ ವಿಷಯವನ್ನು ಅವರ ಮುಖಕ್ಕೇ ಹೇಳುವುದು, ಅವರು ಬೇಡಿಕೊಂಡ ಮೇಲೆ ಫಾರ್ಮು ಕಳಿಸುವುದು. ಹೇಳಬೇಕಾದ ಮಾತುಗಳನ್ನು ಅವನು ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕದಲ್ಲಿಟ್ಟುಕೊಂಡಿದ್ದ.

ಯಾರೂ ಫೋನ್ ಮಾಡಲಿಲ್ಲ. ಫೆಬ್ರವರಿಯಲ್ಲಿ ಒಂದು ಅಚ್ಚಾದ ಕಾಗದ ಬಂತು. ಇಷ್ಟು ವರ್ಷದ ಬೆಂಬಲಕ್ಕೆ ವಂದನೆ. ಆ ಕುರ್ಚಿಗಳನ್ನು ಸರದಿಯಲ್ಲಿ ಮುಂದಿದ್ದವರಿಗೆ ಕೊಡಲಾಗಿದೆ. ಕ್ಯಾಸಿಮಿರ್ ಟೋಪಿ ಕೂಡ ತೆಗೆಯದೆ ಆಫೀಸಿಗೆ ಫೋನ್ ಹಚ್ಚಿದ. ಒಬ್ಬಳು ಹುಡುಗಿ ತುಂಬ ಮರ್ಯಾದೆಯಿಂದ ಮಾತಾಡಿದಳು. ಮೇಲಂತಸ್ತಿನಲ್ಲಿ ಕಂಬದ ಹಿಂದೆ ಎರಡು ಸೀಟು ಇವೆ, ಬೇಕೇ ಎಂದು ಕೇಳಿದಳು.

"ಆ ಕುರ್ಚಿ ಯಾರದ್ದಾಗಿತ್ತು ಅಂತ ಗೊತ್ತೇನಮ್ಮ ನಿನಗೆ?"

"ಸರ್, ನನಗಿಲ್ಲಿ ಹೊಸಬರ ಹೆಸರಷ್ಟೇ ಕಾಣ್ತಿದೆ."

ಲೂಯಿಗೆ ಅವನು ಇದನ್ನು ಹೇಳಿದ್ದು ಬೂದಿ ಬುಧವಾರ, ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ. ಇಬ್ಬರ ಹಣೆಯ ಮೇಲೂ ಬೂದಿಯಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಅವನು ಬಾಯಿ ತೆರೆದಿದ್ದ. ಬಾಯಿಂದ ಬಂದದ್ದು ಬೇರೆ.

"ಸೀಟು ಕಿತ್ಕೊಂಡ್ರು ಕಣೋ. ದೊಡ್ಡ ದೊಡ್ಡ ಕಂಪನಿಗಳಿಗೆ ಕೊಡ್ತಾರಂತೆ."

ಲೂಯಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ನಿಂತ. "ಹಳಬರದ್ದು ಎಲ್ಲರದ್ದೂನಾ?"

"ಎಲ್ಲರದ್ದೂ."

"ಹಂಗ್ಮಾಡಲ್ವಲ್ಲ ಅವರು," ಎಂದ ಲೂಯಿ. ಆಮೇಲೆ ಇನ್ನೊಂದು ಸಲ, ಸಣ್ಣ ದನಿಯಲ್ಲಿ, ಅದನ್ನೇ ಹೇಳಿದ.

ಈಸ್ಟರ್ ಹಬ್ಬಕ್ಕೆ ಮುಂಚಿನ ಆ ತಪಸ್ಸಿನ ಕಾಲದಲ್ಲಿ ಕ್ಯಾಸಿಮಿರ್ ಎರಡು ಸಲ ಪಾಪನಿವೇದನೆಗೆ ಹೋದ. ಸಿಟ್ಟು, ಸೋಮಾರಿತನ, ಶುಕ್ರವಾರ ಮರೆತು ತಿಂದ ಮಾಂಸ, ಎಲ್ಲವನ್ನೂ ಹೇಳಿದ. ಇದನ್ನು ಹೇಳಲಿಲ್ಲ. ಆಟದ ವಿಷಯ, ದೇವರ ತನಕ ಏಕೆ ಒಯ್ಯುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸೀಸನ್ ಶುರುವಾಗುವುದರೊಳಗೆ ಹೇಗಾದರೂ ಲೂಯಿಗೆ ತಿಳಿಸಿದರಾಯಿತು ಎಂದುಕೊಂಡ. ಈಗ ಸೀಸನ್‌ಗೆ ಇನ್ನು ಆರು ದಿನವಿತ್ತು.

ಸಾವಿನ ಸುದ್ದಿ ಬಂದ ಮರುದಿನ ಸಂಜೆ, ಅಂತ್ಯಕ್ರಿಯೆ ನಡೆಸಿಕೊಡುವವರ ಮನೆಯಲ್ಲಿ ಲೂಯಿಯನ್ನು ಕೊನೆಯ ದರ್ಶನಕ್ಕೆ ಮಲಗಿಸಿದ್ದರು. ಕರಿಯ ಕೋಟು, ಕೈಯಲ್ಲಿ ಜಪಸರ. ಪಕ್ಕದ ಕೋಣೆಯಲ್ಲಿ ಕಾಫಿ ಇಟ್ಟಿದ್ದರು. ಗಂಡಸರು ಅಲ್ಲಿ ಗುಂಪಾಗಿ ನಿಂತು, ಮೊದಲು ಲೂಯಿಯ ಹೃದ್ರೋಗದ ವಿಷಯ, ಆಮೇಲೆ ಹವೆಯ ವಿಷಯ, ಆಮೇಲೆ ದನಿ ಸ್ವಲ್ಪ ತಗ್ಗಿಸಿ ಹೆರನ್ಸ್ ವಿಷಯ ಮಾತಾಡತೊಡಗಿದ್ದರು. ಕ್ಯಾಸಿಮಿರ್ ಬಾಗಿಲ ಹತ್ತಿರ ನಿಂತಿದ್ದಾಗ ಬರ್ನಡೆಟ್ ಅವನ ತೋಳು ಮುಟ್ಟಿದಳು.

"ಒಂದು ನಿಮಿಷ ಬಾ ಕ್ಯಾಸ್."

ಅವಳು ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು.

"ಆಫೀಸಿಗೆ ಕಾಗದ ಬರೀತಿದ್ದ. ನಾಲ್ಕು ಕಳಿಸಿದ್ದ. ಒಂದಕ್ಕೂ ಉತ್ತರ ಬರ್ಲಿಲ್ಲ. ಇದು ಐದನೇದು, ಅರ್ಧಕ್ಕೇ ನಿಂತಿದೆ. ಟಿಕೆಟ್ಟು ನಿನ್ನ ಹೆಸರಲ್ಲಿತ್ತಲ್ಲ, ನೀನೇ ಮುಗಿಸಿ ಕಳಿಸಪ್ಪ. ಅವನು ಅಷ್ಟು ಪಟ್ಟು ಹಿಡಿದು ಬರೆದಿದ್ದು ಮೇಜಿನ ಮೇಲೆ ಬಿದ್ದಿರೋದು ಬೇಡ."

ಲೂಯಿಯ ಅಕ್ಷರ ಕಾರ್ಖಾನೆಯ ನಕ್ಷೆಯ ಮೇಲಿನ ಅಕ್ಷರದಂತೆ ನೆಟ್ಟಗಿತ್ತು. 'ಮಾನ್ಯರೇ, ನೀವು ಬ್ರಿಟೊನನ್ನು ಕಳಿಸಿದಾಗ ಇಲ್ಲಿ ನಿಮ್ಮ ಪರವಾಗಿ ಮಾತಾಡಿದವನು ನಾನೊಬ್ಬನೇ. ಅದಕ್ಕಾಗಿ ಏನೂ ಕೇಳುತ್ತಿಲ್ಲ. ಎರಡು ಕುರ್ಚಿ ಆಗದಿದ್ದರೆ ಒಂದನ್ನಾದರೂ ನನ್ನ ಗೆಳೆಯ ಕ್ಯಾಸಿಮಿರ್‌ಗೆ ಹಿಂದಕ್ಕೆ ಕೊಡಿ. ಹೆಂಡತಿ ತೀರಿಕೊಂಡ ಮೇಲೆ ಬೇಸಿಗೆಯಲ್ಲಿ ಅವನಿಗೆ ಹೋಗಲು ಬೇರೆ ಜಾಗವಿಲ್ಲ. ನನಗೆ ಮನೆಯಲ್ಲಿ ಜನರಿದ್ದಾರೆ. ನಾನು' ಎಂಬಲ್ಲಿಗೆ ನಿಂತಿತ್ತು.

ಕ್ಯಾಸಿಮಿರ್ ಅದನ್ನು ಎರಡು ಸಲ ಓದಿದ. ಹಾಳೆಯನ್ನು ಮೊದಲಿನ ಗೆರೆಗೇ ಮಡಿಸಿದ.

"ಅವರು ಕಿತ್ಕೊಳ್ಳಲಿಲ್ಲ ಬರ್ನಡೆಟ್," ಎಂದ. "ನಾನೇ ಕಳ್ಕೊಂಡೆ. ಫಾರ್ಮು ಕಳಿಸ್ಲೇ ಇಲ್ಲ ನಾನು. ಬ್ರಿಟೊ ಸಿಟ್ಟಿಗೆ. ಅವರಾಗೇ ಫೋನ್ ಮಾಡಿ ಕರೀತಾರೆ ಅಂದ್ಕೊಂಡೆ. ಲೂಯಿಗೆ ಸುಳ್ಳು ಹೇಳ್ದೆ."

ಬರ್ನಡೆಟ್ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು.

"ಮಾರ್ಚ್ ತಿಂಗಳು ಬಂದ್ರೆ ನಮ್ಮನೇಲಿ ದಿನಾ ಮಧ್ಯಾಹ್ನ ರೇಡಿಯೊ ಹಾಡ್ತಿರ್ತಿತ್ತು," ಎಂದಳು. "ಲೆಕ್ಕಕ್ಕಿಲ್ಲದ ಅಭ್ಯಾಸದ ಆಟಾನೂ ಬಿಡ್ತಿರ್ಲಿಲ್ಲ. ಈ ಸಲ ನಾನು ಹಾಕಿದ್ರೆ, ಆರಿಸೇ, ಅವರ ಸುದ್ದಿ ಬೇಡ ಅಂದ. ಐವತ್ತೊಂದು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿರ್ಲಿಲ್ಲ."

"ಕ್ಷಮಿಸಿಬಿಡು ತಾಯಿ."

"ನನಗೆ ಹೇಳಿ ಏನು ಬಂತು? ಅವನಿಗೆ ಹೇಳಬೇಕಿತ್ತು." ಅವಳು ಕೈಚಾಚಿ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡಳು. "ಈಗ ಹೋಗಿ ಅಲ್ಲಿ ನಿಂತಿರೋರಿಗೆ ಹೇಳು. ಲೂಯಿ ಆ ಟೀಮನ್ನ ಶಪಿಸ್ತಾ ಸತ್ತ ಅಂತ ನಾಳೆ ಊರೆಲ್ಲ ಹೇಳ್ಕೊಂಡು ತಿರುಗೋದು ಬೇಡ."

ಕಾಫಿಯ ಕೋಣೆಯಲ್ಲಿ ರೇ ಮಾಲೋನ್ ಒಂದು ಯೋಜನೆ ಹಾಕುತ್ತಿದ್ದ. "ಮೊದಲನೇ ಆಟಕ್ಕೆ ನಮ್ಮೋರು ಯಾರೂ ಹೋಗೋದು ಬೇಡ. ಲೂಯಿ ಹೆಸರಲ್ಲಿ. ಏನಂತೀರಾ? ಅಲ್ಲ, ಕ್ಯಾಚರ್ ಜಾಗದಲ್ಲಿ ಯಾರನ್ನ ಕೂರಿಸ್ತಾರೆ ಅಂತ ನೋಡ್ಬೇಕಿತ್ತು ನಾನು, ಆದ್ರೂ ಪರವಾಗಿಲ್ಲ."

"ರೇ," ಎಂದ ಕ್ಯಾಸಿಮಿರ್. "ಸ್ವಲ್ಪ ಕೇಳು."

ಅವನು ಹೇಳಿದ. ಬರ್ನಡೆಟ್‌ಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಡ್ರಾಯರು, ಚೀಟಿ, ಚರ್ಚಿನ ಮೆಟ್ಟಿಲು, ಯಾವುದನ್ನೂ ಬಿಡಲಿಲ್ಲ. ರೇ ಕಾಗದದ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

"ಅವರು ಫೋನ್ ಮಾಡ್ತಾರೆ ಅಂತ ಕಾದಿದ್ಯಾ?"

"ಹೌದು."

"ನಿನಗೆ?"

"ಹೂಂ."

ಬೇರೆ ದಿನವಾಗಿದ್ದರೆ ಈ ಮಾತು ಕ್ಷೌರದಂಗಡಿಯಲ್ಲಿ ಒಂದು ವರ್ಷ ನಗುವಿಗೆ ಸಾಕಾಗುತ್ತಿತ್ತು. ಯಾರೂ ನಗಲಿಲ್ಲ. ತಮ್ಮ ಮನೆಗಳಲ್ಲಿ ಕೂತು ರೇಡಿಯೊಗೆ ಬೈದವರೇ ಎಲ್ಲರೂ, ಆ ಬೈಗುಳ ಎಲ್ಲೋ ಯಾರಿಗೋ ಕೇಳಿಸುತ್ತದೆ ಎಂದುಕೊಂಡವರೇ.

"ಬ್ರಿಟೊಗೆ ಮೊನ್ನೆ ಮೊಣಕಾಲಿನ ಆಪರೇಷನ್ ಮಾಡಿದ್ರಂತೆ," ಎಂದ ವಿಟೊ, ನೆಲ ನೋಡುತ್ತ. "ಈ ವರ್ಷ ಆಡಲ್ಲ. ಪತ್ರಿಕೇಲಿತ್ತು."

"ನೋಡ್ದೆ," ಎಂದ ಕ್ಯಾಸಿಮಿರ್. "ಲೂಯಿ ಹೇಳಿದ್ದೇ ಸರಿ."

"ಅವನಿಗೆ ಹೇಳಿದ್ಯಾ?"

"ಇಲ್ಲ. ಅದನ್ನೂ ಹೇಳ್ಲಿಲ್ಲ."

ರೇ ಲೋಟವನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದ. ಕ್ಯಾಸಿಮಿರ್‌ನ ಪಕ್ಕದಿಂದ ಹಾಯುವಾಗ ನಿಲ್ಲಲಿಲ್ಲ, ದೂರ ಸರಿಯಲೂ ಇಲ್ಲ.

ಆಚೆ ಕೋಣೆಯಲ್ಲಿ ಫಾದರ್ ಡೀಗನ್ ಬಂದಿದ್ದರು. ಕುರ್ಚಿಗಳನ್ನು ಎಳೆಯುವ ಸದ್ದು, ಆಮೇಲೆ ಮೊಣಕಾಲೂರುವ ಸದ್ದು. ಆ ಚರ್ಚಿನಲ್ಲಿ ಒಂದು ರೂಢಿಯಿತ್ತು: ಸತ್ತವನ ಮುಂದೆ ಹೇಳುವ ಜಪಸರದಲ್ಲಿ ಹತ್ತು ಹತ್ತು ಮಣಿಗಳ ಮೊದಲ ನಾಲ್ಕು ಸುತ್ತುಗಳನ್ನು ಪಾದ್ರಿ ಹೇಳಿಸುವುದು, ಐದನೆಯದನ್ನು ಅವನ ಗೆಳೆಯ. ಕ್ಯಾಸಿಮಿರ್ ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ ಮೊಣಕಾಲೂರಿದ. ನಾಲ್ಕನೆಯದು ಮುಗಿಯಿತು. ಪಾದ್ರಿ ತಲೆಯೆತ್ತಿ ಕಾದರು. ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಬರ್ನಡೆಟ್‌ಳ ಬೆನ್ನು ಅಲುಗಲಿಲ್ಲ. ವಿಟೊ ಹಿಂದಕ್ಕೆ ತಿರುಗಿ ಕ್ಯಾಸಿಮಿರ್‌ನನ್ನು ನೋಡಿದ. ಮತ್ತೆ ಮುಂದಕ್ಕೆ ತಿರುಗಿದ.

ಕ್ಯಾಸಿಮಿರ್ ಎದ್ದು ಹೋಗಿ ಶವಪೆಟ್ಟಿಗೆಯ ಬಳಿ ಮೊಣಕಾಲೂರಿದ. ಲೂಯಿಯ ಮುಖ ಕೈಗೆಟಕುವಷ್ಟು ಹತ್ತಿರವಿತ್ತು. ಹೇಳಬೇಕಾದ್ದನ್ನು ಮೊದಲು ಅವನು ಮನಸ್ಸಿನಲ್ಲೇ ಲೂಯಿಗೆ ಹೇಳಿದ. ಆಮೇಲೆ ಬಾಯಿ ತೆರೆದು, "ನಮೋ ಮರಿಯಾ" ಎಂದು ಶುರುಮಾಡಿದ. ಮೂರನೆಯ ಮಣಿಯಲ್ಲಿ ದನಿ ಒಡೆಯಿತು. ಹಿಂದಿನಿಂದ ಎಲ್ಲರೂ ಸೇರಿ ಅದನ್ನು ಎತ್ತಿಕೊಂಡರು. ಹತ್ತನೆಯದರ ಹೊತ್ತಿಗೆ ಮತ್ತೆ ಅವನ ದನಿ ಅವನಿಗೇ ಕೇಳಿಸಿತು.

"ಸ್ವಾಮಿ, ನಿನ್ನ ಮಗನಾದ ಲೂಯಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು," ಎಂದ.

"ನಿತ್ಯ ಜ್ಯೋತಿ ಅವನ ಮೇಲೆ ಬೆಳಗಲಿ," ಎಂದರು ಹಿಂದಿನವರು. ಎಲ್ಲರ ನಂತರ, ಒಂದು ಮಾತಿನಷ್ಟು ತಡವಾಗಿ, ಬರ್ನಡೆಟ್‌ಳ ದನಿಯೂ ಅದನ್ನೇ ಹೇಳಿತು.

"ಅವನು ಶಾಂತಿಯಲ್ಲಿ ವಿಶ್ರಮಿಸಲಿ."

"ಆಮೆನ್."