ಬಾಣಂತಿಗೆ ಮಾಡಿಟ್ಟ ಸಾರು

ಮನೆಗೆ ಫ್ರಿಜ್ಜು ಬಂದ ಮೇಲೆ ಇಂದುಮತಿಗೆ ಊಟ ಸೇರದಾಯಿತು. ಹೊರಗಿನಿಂದ ನೋಡಿದರೆ ಅದು ಬೆಣ್ಣೆಯಲ್ಲಿ ಮಾಡಿಟ್ಟ ಹಾಗಿತ್ತು. ಸಾಗರದ ಪೇಟೆಯಲ್ಲೇ ಅಷ್ಟು ಬೆಳ್ಳಗಿನ ವಸ್ತು ಇನ್ನೊಂದಿರಲಿಲ್ಲ. ಬಾಗಿಲು ತೆಗೆದರೆ ಮಾತ್ರ ಮೊನ್ನೆಯ ಮೀನು ಸಾರು, ನಿನ್ನೆಯ ಮಲ್ಲಿಗೆ ದಂಡೆ, ಯಾರೋ ಅರ್ಧ ಕಚ್ಚಿಟ್ಟ ಹಲಸಿನ ತೊಳೆ ಎಲ್ಲವೂ ಸೇರಿ ಒಂದೇ ತಣ್ಣನೆಯ ಉಸಿರಾಗಿ ಮುಖಕ್ಕೆ ಹೊಡೆಯುತ್ತಿತ್ತು.

ತಂದವರು ಮಾವ ಶೇಷಪ್ಪಗೌಡರು. ತೀರ್ಥಹಳ್ಳಿ ಕಡೆಯ ಜಮೀನನ್ನು ತಮ್ಮನಿಗೆ ಒಪ್ಪಿಸಿ ಬಂದು ಸಾಗರದಲ್ಲಿ ಅಕ್ಕಿ ಗಿರಣಿ ಹಾಕಿದವರು. ಹೊಸದೇನು ಕಂಡರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ರೇಡಿಯೋ ಬಂತು, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ ಬಂತು, ಮೇಜಿನ ಮೇಲೆ ತಲೆ ತಿರುಗಿಸುವ ಫ್ಯಾನು ಬಂತು. ಆ ವರ್ಷ ಯುಗಾದಿ ಕಳೆದ ಮೇಲೆ ಹುಬ್ಬಳ್ಳಿಯಿಂದ ಲಾರಿಯಲ್ಲಿ ಇದು ಬಂತು. ಅಡಿಗೆಮನೆಯ ಹೊಗೆಗೆ ಮಾಸೀತೆಂದು ಪಡಸಾಲೆಯಲ್ಲಿ ರೇಡಿಯೋದ ಪಕ್ಕ ನಿಲ್ಲಿಸಿದರು. ಅತ್ತೆ ಮೂಕಮ್ಮ ಅದರ ಹಣೆಗೆ ಕುಂಕುಮವಿಟ್ಟು, ಸೊಸೆ ಹೆಣೆದ ಲೇಸಿನ ಬಟ್ಟೆಯನ್ನು ತಲೆಗೆ ಹೊದಿಸಿದರು. ಬಾಗಿಲಿಗೊಂದು ಬೀಗವೂ ಇತ್ತು. ಅದರ ಬೀಗದಕೈ ಒಡವೆ ಪೆಟ್ಟಿಗೆಯ ಬೀಗದಕೈ ಜತೆಯಲ್ಲಿ ಅತ್ತೆಯ ಸೊಂಟ ಸೇರಿತು.

"ಕರೆಂಟು ಹೋದ್ರೆ ಇದರೊಳಗಿನದು ಎಂತ ಆಗ್ತದೆ ಮಾವ?" ಎಂದು ಇಂದುಮತಿ ಕೇಳಿದಳು.

ಗೌಡರು ಹೊಟ್ಟೆ ಕುಲುಕಿಸಿ ನಕ್ಕರು. "ಲಿಂಗನಮಕ್ಕಿ ಡ್ಯಾಮು ಬಗಲಲ್ಲಿ ಇಟ್ಕೊಂಡು ನಮಗೆ ಕರೆಂಟು ಹೋಗ್ತದಾ? ಬೆಂಗಳೂರಿನೋರಿಗೆ ಕೊಡೋರೇ ನಾವು ಮಾರಾಯ್ತಿ!"

ಮೊದಮೊದಲು ಪಡಸಾಲೆ ಮದುವೆಮನೆಯಾಯಿತು. ಪಕ್ಕದ ಮನೆಯ ವಿಶಾಲಮ್ಮ ಮಂಜಿನ ಗಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು "ಅಯ್ಯಯ್ಯೋ, ಸುಡ್ತದಲ್ಲೇ!" ಎಂದು ಕುಣಿದಳು. ಹೊಸನಗರದಿಂದ ಬಂದಿದ್ದ ದೊಡ್ಡಪ್ಪನವರೊಬ್ಬರು ನೀರಿನ ಬಾಟಲಿಯನ್ನು ಕಚ್ಚಿ ಕುಡಿದು, ದೊಡ್ಡದಾಗಿ ತೇಗಿ, ಉಳಿದರ್ಧವನ್ನು ಎಲೆಯಡಿಕೆಯ ಚೂರುಗಳ ಸಮೇತ ಮತ್ತೆ ಒಳಗಿಟ್ಟರು. ಇಂದುಮತಿ ಅವರು ಹೋದ ಮೇಲೆ ಆ ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದಳು. ಅವಳಿಗೂ ಆಸೆ ಇರಲಿಲ್ಲವೆಂದಲ್ಲ. ಮುರುಗಲ ಹಣ್ಣಿನ ಪಾನಕಕ್ಕೆ ಮಂಜುಗಡ್ಡೆ ಹಾಕಿ ಮೊದಲ ಸಲ ಕುಡಿದ ಮಧ್ಯಾಹ್ನ, ಹಲ್ಲಿನಡಿ ಅದು ಕಟಕ್ಕೆಂದಾಗ ಅವಳೂ ನಕ್ಕಿದ್ದಳು. ಮಾರನೆಯ ದಿನದ ಲೋಟದಲ್ಲಿ ಮೀನಿನ ವಾಸನೆ ಬಂತು. ಅಲ್ಲಿಗೆ ಅವಳ ಆಸೆ ಮುಗಿಯಿತು.

ಅಲ್ಲಿಯತನಕ ಆ ಮನೆಯಲ್ಲಿ ಉಳಿದ ಅಡಿಗೆಗೆ ಒಂದು ದಾರಿ ಇತ್ತು. ಮುಸುರೆ ತಿಕ್ಕಿ, ಕೊಟ್ಟಿಗೆ ಬಳಿದು, ಸಂಜೆ ಮನೆಗೆ ಹೊರಡುವ ಕೆರಿಯಮ್ಮನ ಪಾತ್ರೆಗೆ ಆ ದಿನದ ಅನ್ನ, ಆ ದಿನದ ಸಾರು ಬೀಳುತ್ತಿತ್ತು. ಕೆಲಸಕ್ಕೆ ಸೇರುವಾಗಲೇ ಕೂಲಿಯ ಜತೆ ಆಡಿಕೊಂಡ ಮಾತು ಅದು. ಅವಳ ಪಾಲಿಗೆಂದೇ ಮೂಕಮ್ಮ ಅಕ್ಕಿ ಅಳೆಯುವಾಗ ಒಂದು ಹಿಡಿ ಹೆಚ್ಚು ಹಾಕುತ್ತಿದ್ದರು. ಬೇಸಗೆಯಲ್ಲಿ ಅಡಿಗೆ ರಾತ್ರಿ ಕಳೆದರೆ ಹಳಸುತ್ತದೆ. ಆದ್ದರಿಂದ ಕೊಡುವ ಕೈಗೂ ಲೋಭ ಬರುತ್ತಿರಲಿಲ್ಲ.

ಫ್ರಿಜ್ಜು ಬಂದದ್ದೇ ಲೋಭಕ್ಕೆ ಒಂದು ಮನೆ ಸಿಕ್ಕಿತು. ಉಳಿದದ್ದೆಲ್ಲ ಒಳಗೆ ಹೋಯಿತು. ಎರಡು ತುಂಡು ಮೀನು, ಬಟ್ಟಲಿನ ತಳದ ಪಲ್ಯ, ಇಂದುಮತಿಯ ಮಗು ಕೈಯಾಡಿಸಿ ಬಿಟ್ಟ ಮೊಸರನ್ನ. "ಪೆಟ್ಟಿಗೇಲಿ ಇಟ್ಟದ್ದು ತಂಗಳಲ್ಲ ಕಣೇ," ಎಂದು ಮೂಕಮ್ಮ ಶಾಸ್ತ್ರ ಹೇಳುವವರಂತೆ ಹೇಳಿದರು. "ಮಾಡಿದ ಗಳಿಗೇಲಿ ಹ್ಯಾಗಿತ್ತೋ ಹಾಗೇ ಇರ್ತದೆ." ಅದನ್ನೇ ಮರುದಿನ ಬಿಸಿ ಮಾಡುವುದು, ಅದರ ಮರುದಿನ ಇನ್ನೊಂದು ಸಲ. ಮನೆಯವರಿಗೆ ಮುಖ ಕಿವುಚುವಂತಾದಾಗ, ಆಗ, ಅದು ಕೆರಿಯಮ್ಮನ ಪಾತ್ರೆಗೆ. ಎತ್ತಿ ಸುರಿದರೆ ಸಾರು ಹನಿಯಾಗಿ ಬೀಳದೆ ನೂಲಾಗಿ ಇಳಿಯುತ್ತಿತ್ತು. ಕೆರಿಯಮ್ಮ ಸೆರಗಿನಿಂದ ಪಾತ್ರೆ ಮುಚ್ಚಿಕೊಂಡು "ಬರ್ತೀನಿ ಅಮ್ಮಾ" ಎಂದು ಹೋಗುತ್ತಿದ್ದಳು. ಆ ಮುಚ್ಚುವ ರೀತಿಯನ್ನು ಇಂದುಮತಿ ನೋಡುತ್ತಿದ್ದಳು. ನೋಡಿ, ತನ್ನ ಎಲೆಯ ಮುಂದೆ ಕೂತಾಗ ಎರಡು ತುತ್ತಿಗೇ ಎಲೆ ಮಡಚುತ್ತಿದ್ದಳು.

ಹೀಗಿರುವಾಗ ಕೆರಿಯಮ್ಮನ ಮಗಳು ಗುತ್ಯಮ್ಮ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು ಹುಟ್ಟಿತು. ಕೆಲಸದವಳ ಮನೆಯಲ್ಲಿ ಬಾಣಂತಿ ಇದ್ದರೆ ಕೆಲಸದ ಮನೆಯಿಂದ ಬಿಸಿ ಅನ್ನ, ಬೆಳ್ಳುಳ್ಳಿ ಹಾಕಿದ ಕಾಳುಮೆಣಸಿನ ಸಾರು ಹೋಗಬೇಕು. ಮೂಕಮ್ಮ ಅದನ್ನೆಲ್ಲ ಮರೆಯುವ ಹೆಂಗಸಲ್ಲ. ತಾಯಿಯಿಲ್ಲದ ಇಂದುಮತಿಯ ಬಾಣಂತನ ಮಾಡಿದವರು ಅವರೇ. ಒಂದೊಂದು ಹೊತ್ತೂ ಹೊಸದಾಗಿ ಸಾರು ಕುದಿಸಿ, ಮೊದಲು ತಮ್ಮ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡಿ, ಆಮೇಲೆಯೇ ಬಡಿಸುತ್ತಿದ್ದರು. "ಬಾಣಂತಿ ಬಾಯಿಗೆ ಹೋಗೋದು ಹಿರಿಯಳ ನಾಲಗೆ ದಾಟಿ ಹೋಗ್ಬೇಕು," ಎನ್ನುತ್ತಿದ್ದರು. ಆ ಅಂಗೈ ಇಂದುಮತಿಗೆ ಇನ್ನೂ ಕಣ್ಣಿಗೆ ಕಟ್ಟಿತ್ತು.

ಈ ಸಲ ಮೂಕಮ್ಮ ದೊಡ್ಡ ಪಾತ್ರೆಯ ತುಂಬ ಸಾರು ಮಾಡಿದರು. "ದಿನಾ ಒಲೆ ಮುಂದೆ ಬೇಯೋದು ಯಾಕೆ? ಒಂದೇ ಸಲ ಮಾಡಿಟ್ರೆ ವಾರಕ್ಕೆ ಸಾಕು. ದಿನಾ ಒಂದೊಂದು ಸೌಟು ಕೊಟ್ರಾಯ್ತು."

"ಬಾಣಂತಿಗೆ ತಣ್ಣಂದು ಕೊಡಬಾರದಲ್ಲ ಅತ್ತೆಮ್ಮ," ಎಂದಳು ಇಂದುಮತಿ, ಮಾತನ್ನು ಎರಡು ಸಲ ತೂಗಿ.

"ಬಿಸಿ ಮಾಡ್ಕೊಳ್ತಾಳೆ ಬಿಡು. ಅವಳ ಮನೇಲಿ ಒಲೆ ಇಲ್ವಾ?"

"ವಾಸನೆ..."

"ನಿಂದು ಬಿ.ಎ. ಓದಿದ ಮೂಗು. ಇಲ್ಲದ ನಾತ ಹುಡುಕ್ತದೆ," ಎಂದು ಮೂಕಮ್ಮ ವಿಶಾಲಮ್ಮನ ಕಡೆ ತಿರುಗಿದರು. ವಿಶಾಲಮ್ಮ ಮಂಜುಗಡ್ಡೆ ಚೀಪುತ್ತ ಕಿಸಕ್ಕೆಂದಳು. ರಾತ್ರಿ ಗಂಡ ನಾಗೇಂದ್ರನಿಗೆ ಹೇಳಿದರೆ ಅವನು ರೇಡಿಯೋದ ಕಿವಿ ತಿರುಗಿಸುತ್ತ, "ಹೆಂಗಸರ ಅಡಿಗೆಮನೆ ವಿಷಯಕ್ಕೆ ನನ್ನನ್ನ ಎಳೀಬೇಡ ಮಾರಾಯ್ತಿ," ಎಂದ.

ಮೇ ತಿಂಗಳ ಕೊನೆಗೆ ತೀರ್ಥಹಳ್ಳಿಯಲ್ಲಿ ಗೌಡರ ತಮ್ಮನ ಮಗಳ ಮದುವೆ. ಅತ್ತೆ ಮಾವ ಇಬ್ಬರೂ ಮುಂಚಿತವಾಗಿ ಬಸ್ಸು ಹತ್ತಿದರು. ತನ್ನ ಮಗುವಿಗೆ ಕಾಯಿಲೆಯೆಂದು ಇಂದುಮತಿ ಉಳಿದಳು. ಬೀಗದಕೈ ಮೂಕಮ್ಮನ ಸೊಂಟದಲ್ಲೇ ಹೋಯಿತು.

ಅವರು ಹೋದ ಸಂಜೆಯೇ ಗುಡುಗು ಬಂತು. ಮಾವಿನ ಮರದ ಕೊಂಬೆ ತಂತಿಯ ಮೇಲೆ ಬಿತ್ತು, ಇಡೀ ಬೀದಿಯ ಕರೆಂಟು ಹೋಯಿತು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಸದಾ ಗುರ್ ಎನ್ನುತ್ತಿದ್ದ ಫ್ರಿಜ್ಜು ಬಾಯಿ ಮುಚ್ಚಿತು. ಅದರ ಕಾಲಬುಡದಿಂದ ಕಂದು ಬಣ್ಣದ ನೀರು ತೆಳ್ಳಗೆ ಹರಿದು ಪಡಸಾಲೆಯ ನೆಲದ ಮೇಲೆ ಒಣಗಿತು. ಇರುವೆಗಳು ಅದರ ಅಂಚಿನ ತನಕ ಬಂದು ಸುತ್ತು ಹಾಕಿ ಹೋದವು. ಇಂದುಮತಿ ಬಾಯಿಗೆ ಸೆರಗು ಹಿಡಿದುಕೊಂಡು ಒರೆಸಿದಳು. ಬೀಗ ಮುರಿಯಿರಿ ಎಂದರೆ ನಾಗೇಂದ್ರ ಬೆಚ್ಚಿಬಿದ್ದ. "ಅಪ್ಪಯ್ಯ ನನ್ನ ತಲೆ ಮುರೀತಾರೆ!"

ಆ ದಿನಗಳಲ್ಲಿ ಅವಳು ತಾನೇ ಮೆಣಸು ಜಜ್ಜಿ, ಸಾರು ಕುದಿಸಿ, ಹಬೆಯಾಡುವ ಅನ್ನದ ಜತೆ ಕೆರಿಯಮ್ಮನ ಕೈಗೆ ಕೊಟ್ಟಳು. ಕೆರಿಯಮ್ಮ ಪಾತ್ರೆಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡಳು.

"ಬಿಸಿ ಐತೆ ಸಣ್ಣಮ್ಮ," ಎಂದಳು.

"ಇಷ್ಟು ದಿನ ಕೊಟ್ಟದ್ದನ್ನ ಗುತ್ಯಮ್ಮ ಉಂಡಳಾ?"

ಕೆರಿಯಮ್ಮ ಬಾಗಿಲಾಚೆ ಇಣುಕಿ ನೋಡಿ ದನಿ ತಗ್ಗಿಸಿದಳು. "ಎಂತ ಉಣ್ಣದು? ಮೂರ್ನೇ ದಿನದ್ದು ಉಂಡು ಹೊಟ್ಟೆ ಕೆಟ್ಟೋಯ್ತು. ಆಮೇಲೆ ನಾಯಿಗೆ ಹಾಕ್ದೆ. ಅದೂ ಮೂಸಿ ಬಿಟ್ಟೋತು. ಗಂಜಿ, ಉಪ್ಪು, ಅಷ್ಟೇಯ ಅವಳಿಗೆ. ಎದೆ ಬತ್ತೋಗೈತೆ. ಮಗ ರಾತ್ರಿಯೆಲ್ಲ ಅರಚ್ತದೆ."

"ಇಲ್ಲಿ ಹೇಳಬಾರದಿತ್ತಾ?"

"ಅಮ್ಮೋರು ಪಿರೂತಿಯಿಂದ ಕೊಟ್ಟಿದ್ದು, ನಾರ್ತದೆ ಅಂತ ಹ್ಯಾಂಗ್ ಹೇಳದು? ಸೊಕ್ಕು ಅಂತಾರೆ, ನಾಳೆಯಿಂದ ಬರಬ್ಯಾಡ ಅಂತಾರೆ. ನೀವೂ ಬಾಯಿ ಬಿಡಬ್ಯಾಡಿ. ನನ್ ಮೇಲೆ ಆಣೆ."

ಇಂದುಮತಿ ಆಣೆ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ತನ್ನ ಮೇಲೂ ಹೇಸಿಗೆಯಾಯಿತು. ಅಷ್ಟು ದಿನ ಆ ನೂಲಿಳಿಯುವ ಸಾರನ್ನು ಸೌಟಿನಲ್ಲಿ ಎತ್ತಿ ಹಾಕಿದ್ದು ಅವಳದೇ ಕೈ.

ಅತ್ತೆ ಮಾವ ಬಂದಿಳಿಯುವ ಮುನ್ನಾದಿನ ಕರೆಂಟು ಬಂತು. ಫ್ರಿಜ್ಜು ಒಮ್ಮೆ ನಡುಗಿ, ಏನೂ ನಡೆದೇ ಇಲ್ಲವೆಂಬಂತೆ ಗುರ್ ಎನ್ನತೊಡಗಿತು. ಒಳಗೆ ಕೊಳೆತದ್ದೆಲ್ಲ ಮತ್ತೆ ತಣ್ಣಗಾಗುತ್ತಿದೆ ಎಂದು ನೆನೆದು ಇಂದುಮತಿ ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋದಳು.

ಮೂಕಮ್ಮ ಬಂದವರೇ ಕಾಲು ತೊಳೆದು, ಬೀಗ ತೆಗೆದರು. ಬಾಗಿಲು ತೆರೆದದ್ದೇ ಇಂದುಮತಿ ಎರಡು ಹೆಜ್ಜೆ ಹಿಂದೆ ಸರಿದಳು. ಮೂಕಮ್ಮ ಮಾತ್ರ ಸಾರಿನ ಪಾತ್ರೆಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ಮುಖ ಅರಳಿಸಿದರು. "ನೋಡು, ಹ್ಯಾಗೆ ಥಂಡಿಯಾಗಿದೆ! ಇಟ್ಟ ಹಾಗೇ ಇದೆ."

"ಕರೆಂಟು ಇರಲಿಲ್ಲ ಅತ್ತೆಮ್ಮ. ನೀವು ಹೋದ ದಿನವೇ ಹೋಗಿತ್ತು."

"ಮುಚ್ಚಿದ ಪೆಟ್ಟಿಗೆ. ಥಂಡಿ ಎಲ್ಲಿ ಓಡಿ ಹೋಗ್ತದೆ?" ಮೂಕಮ್ಮ ಪಾತ್ರೆಯನ್ನು ಅಡಿಗೆಮನೆಗೆ ತಂದಿಟ್ಟರು. ಹಿತ್ತಲ ಬಾಗಿಲಲ್ಲಿ ಕೆರಿಯಮ್ಮ ತನ್ನ ಪಾತ್ರೆ ಹಿಡಿದು ನಿಂತಿದ್ದಳು. ಕಣ್ಣು ನೆಲದ ಮೇಲೆ. "ಪಾಪ, ನಾಲ್ಕು ದಿನ ಬಾಣಂತಿಗೆ ಸಾರೇ ಇಲ್ಲ. ಇಂದೂ, ಇವತ್ತು ಎರಡು ಸೌಟು ಹಾಕು."

ಮುಚ್ಚಳ ತೆಗೆದಾಗ ಮೇಲೆ ಬಿಳಿಯ ಪದರ ಕಟ್ಟಿತ್ತು. ಸೌಟು ಇಳಿಸಿದರೆ ಅದು ಒಡೆಯದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಅಡಿಯಿಂದ ಗುಳ್ಳೆಗಳೆದ್ದವು. ಕೆರಿಯಮ್ಮ ಪಾತ್ರೆ ಮುಂದೆ ಚಾಚಿದಳು. ಇಂದುಮತಿ ಸೌಟೆತ್ತಿದಳು, ಆದರೆ ಅದು ಕೆರಿಯಮ್ಮನ ಕಡೆ ಹೋಗಲಿಲ್ಲ.

"ಅತ್ತೆಮ್ಮ, ಕೈ ಹಿಡೀರಿ," ಎಂದಳು.

"ಎಂತಕ್ಕೆ?"

"ಬಾಣಂತಿ ಬಾಯಿಗೆ ಹೋಗೋದು ಹಿರಿಯಳ ನಾಲಗೆ ದಾಟಿ ಹೋಗ್ಬೇಕಲ್ಲ. ನನಗೆ ದಿನಾ ನೋಡಿ ಬಡಿಸ್ತಿದ್ರಿ. ಇದನ್ನೂ ನೋಡಿ."

ಮೂಕಮ್ಮ ಸೊಸೆಯ ಮುಖ ನೋಡಿದರು, ಕೆರಿಯಮ್ಮನ ಮುಖ ನೋಡಿದರು. ಇಲ್ಲವೆನ್ನಲು ದಾರಿಯಿರಲಿಲ್ಲ, ಮಾತು ಅವರದೇ. ಅಂಗೈ ಬಟ್ಟಲು ಮಾಡಿ ಚಾಚಿದರು. ಇಂದುಮತಿ ಸುರಿದಳು. ತೊಟ್ಟು ಬೀಳಬೇಕಾದಲ್ಲಿ ನೂಲು ಇಳಿಯಿತು, ಸೌಟಿನಿಂದ ಅಂಗೈಗೆ ಉದ್ದಕ್ಕೆ, ಕಡಿಯದೆ.

ಈಗ ಕೈ ಝಾಡಿಸುತ್ತಾರೆ, ಥೂ ಎನ್ನುತ್ತಾರೆ, ಎಲ್ಲ ಮುಗಿಯುತ್ತದೆ ಎಂದು ಇಂದುಮತಿ ಎಣಿಸಿದ್ದಳು. ಮೂಕಮ್ಮ ಕಣ್ಣು ಮಿಟುಕಿಸದೆ ಅಂಗೈಯನ್ನು ಬಾಯಿಗೆ ಏರಿಸಿ ಹೀರಿದರು. ನುಂಗಿದರು. ಗುಟುಕು ಗಂಟಲಿಳಿದದ್ದು ಕಾಣಿಸಿತು.

"ಉಪ್ಪು ಸರಿಯಾಗಿದೆ," ಎಂದರು.

ಒಂದು ಪೆಟ್ಟಿಗೆಯ ಮರ್ಯಾದೆಗಾಗಿ ಮನುಷ್ಯಳೊಬ್ಬಳು ಇದನ್ನೂ ನುಂಗಬಲ್ಲಳೆಂದು ಇಂದುಮತಿಗೆ ಗೊತ್ತಿರಲಿಲ್ಲ. ಆ ನೂಲು ಸಾರಿಗಿಂತ ಈ ನುಂಗುವಿಕೆ ಹೆಚ್ಚು ಓಕರಿಕೆ ತರಿಸಿತು. ಆದರೂ ಅವಳು ಸೌಟನ್ನು ಮತ್ತೆ ತುಂಬಿ ಹಿಡಿದುಕೊಂಡೇ ನಿಂತಳು. "ಮೆಣಸು ಹದವಾಗಿದೆಯಾ? ಇನ್ನೊಂದು ಸಲ ನೋಡಿ."

ಮೂಕಮ್ಮನ ತುಟಿ ಬಿಳಿಚಿತು. ಕೈ ಮುಂದೆ ಬರಲಿಲ್ಲ. ಒಂದು ಕ್ಷಣ ನಿಂತವರು ಹೊಟ್ಟೆ ಹಿಡಿದುಕೊಂಡು ಬಚ್ಚಲಿನ ಕಡೆ ಧಾವಿಸಿದರು. ಅಲ್ಲಿಂದ ಬಂದ ಸದ್ದನ್ನು ಕೆರಿಯಮ್ಮ ಕೇಳಿಯೂ ಕೇಳದವಳಂತೆ ಹಿತ್ತಲ ಬಾಳೆಗಿಡ ನೋಡುತ್ತ ನಿಂತಳು.

ಇಂದುಮತಿ ಪಾತ್ರೆಯನ್ನೆತ್ತಿ ಹೊರಗೆ ನಡೆದು ಗೊಬ್ಬರಗುಂಡಿಗೆ ಸುರಿದಳು. ಕಾಗೆಯೊಂದು ಇಳಿದು ಬಂದು, ಕೊಕ್ಕು ತಾಗಿಸಿ, ಕೊಕ್ಕನ್ನು ಕಲ್ಲಿಗೆ ಒರೆಸಿ ಹಾರಿತು. ಅವಳು ಹುಣಸೆಹಣ್ಣು ಹಾಕಿ ಕೈ ತಿಕ್ಕಿದಳು, ವಾಸನೆ ಹೋಗಲಿಲ್ಲ. ಒಳಗೆ ಬಂದು ಸ್ಟವ್ ಪಂಪು ಹೊಡೆದು, ಮೆಣಸು, ಬೆಳ್ಳುಳ್ಳಿ ಜಜ್ಜಿ, ನೀರಿಟ್ಟಳು.

ಸಾರು ಕುದಿ ಬರುವ ಹೊತ್ತಿಗೆ ಮೂಕಮ್ಮ ಮುಖ ತೊಳೆದುಕೊಂಡು ಬಂದು ಹೊಸ್ತಿಲಲ್ಲಿ ಕೂತರು. ಸೊಸೆಯ ಕಡೆ ತಿರುಗಲಿಲ್ಲ.

"ಇನ್ನು ನಾಲ್ಕು ಕಾಳು ಮೆಣಸು ಹಾಕು. ಬಾಣಂತಿಗೆ ಖಾರ ಇರ್ಬೇಕು," ಎಂದು ಒಲೆಗೆ ಹೇಳಿದರು. ಆಮೇಲೆ ಹಿತ್ತಲ ಕಡೆಗೆ, "ಕೆರಿಯಮ್ಮ, ನಾಳೆಯಿಂದ ಎರಡು ಹೊತ್ತೂ ಬಿಸೀದು ಹೊಯ್ಸಿಕೊಂಡು ಹೋಗು. ನಿನ್ನ ಸಣ್ಣಮ್ಮನಿಗೆ ಓದಿ ಓದಿ ಬೇರೆ ಕೆಲಸ ಇಲ್ಲ, ಮಾಡ್ತಾಳೆ."

"ಆಯ್ತಮ್ಮಾ," ಎಂದಳು ಕೆರಿಯಮ್ಮ. ಈ ಸಲ ಪಾತ್ರೆಯ ಮೇಲೆ ಸೆರಗು ಮುಚ್ಚಲಿಲ್ಲ.

ಪಡಸಾಲೆಯಿಂದ ಶೇಷಪ್ಪಗೌಡರ ದನಿ ಬಂತು. "ಯಾರದು ಒಳಗೆ? ಬಸ್ಸಿನ ಧೂಳು ಕುಡಿದು ಸಾಕಾಗಿದೆ. ಪೆಟ್ಟಿಗೆಯಿಂದ ಒಂದು ಲೋಟ ತಣ್ಣನೆ ನೀರು ಕೊಡ್ರೇ!"

ಮೂಕಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಇವತ್ತು ಬಾವಿ ನೀರು ಕುಡೀರಿ," ಎಂದರು.